ಮೈಸೂರಲ್ಲೇ ಕೂತು ಕಾನ್ಸರ್ಟ್ ಪಿಯಾನಿಸ್ಟ್ ಆಗಬಹುದಾ?

ಕಪ್ಪುಬಿಳಿ
ಪಿಯಾನೋದಲ್ಲಿ ಹೆಸರು ಮಾಡಬೇಕು ಅಂದ್ರೆ ಮೀಸೆ ಮೂಡೋಕೆ ಮುಂಚೆನೇ ಊರು ಬಿಡಬೇಕು, ವಿಯೆನ್ನಾಗೋ ಮಾಸ್ಕೋಗೋ ಹೋಗಬೇಕು ಅನ್ನೋದು ನಮ್ಮವರ ತಲೇಲಿ ಕೂತುಬಿಟ್ಟಿದೆ. ನಾನು ಒಪ್ಪಲ್ಲ. ಜಯಚಾಮರಾಜ ಒಡೆಯರ್ ಅವರನ್ನೇ ನೋಡಿ. ಲಂಡನ್ನಿನ ಗಿಲ್ಡ್‌ಹಾಲ್ ಸ್ಕೂಲಿನ ಲೈಸೆನ್ಷಿಯೇಟ್, ಟ್ರಿನಿಟಿ ಕಾಲೇಜಿನ ಫೆಲೋ, 1948ರಲ್ಲಿ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. ರಷ್ಯದ ಸಂಗೀತ ರಚನೆಕಾರ ನಿಕೊಲಾಯ್ ಮೆಡ್ಟ್‌ನರ್ ತನ್ನ ಮೂರನೇ ಪಿಯಾನೋ ಕಾನ್ಸರ್ಟೋ (ಆರ್ಕೆಸ್ಟ್ರಾ ಜೊತೆ ನುಡಿಸೋ ದೊಡ್ಡ ಕೃತಿ) ಅರ್ಪಿಸಿದ್ದು ನಮ್ಮ ಮಹಾರಾಜರಿಗೆ. 1940ರಲ್ಲಿ ತಂದೆ, ದೊಡ್ಡಪ್ಪ ಇಬ್ಬರೂ ಒಬ್ಬರ ಹಿಂದೊಬ್ಬರು ತೀರಿಕೊಂಡು 21ನೇ ವಯಸ್ಸಿಗೇ ಪಟ್ಟ ಕಟ್ಟದೇ ಹೋಗಿದ್ರೆ ಅವರು ಇರಬೇಕಾಗಿದ್ದ ಜಾಗ ವೇದಿಕೆ, ಸಿಂಹಾಸನ ಅಲ್ಲ.

ಈಗಂತೂ ಗ್ರೇಡ್ ಪರೀಕ್ಷೆಗೆ ವಿಡಿಯೊ ಕಳಿಸಿದ್ರೆ ಆಯ್ತು. ಒಳ್ಳೇ ಡಿಜಿಟಲ್ ಪಿಯಾನೋ ಕಂತಿನ ಮೇಲೆ ಸಿಗುತ್ತೆ. ನಮ್ಮೂರಿನ ಹವೆಯೂ ಪಿಯಾನೋಗೆ ಹಿತ. ಇನ್ನೇನು ಬೇಕು?

ಎಡಗೈ ಪಾಠ
ಲೈಸೆನ್ಷಿಯೇಟ್ ಅನ್ನೋ ಪದ ಹಿಡ್ಕೊಂಡು ಎಲ್ಲಿಗೆ ಹೋಗ್ಬಿಟ್ರಿ! ಇವತ್ತಿನ ಲೈಸೆನ್ಷಿಯೇಟ್ ಡಿಪ್ಲೊಮಾ ಅಂದ್ರೆ ಸುಮಾರು 40 ನಿಮಿಷದ ಒಂದು ಕಾರ್ಯಕ್ರಮ. ಒಂದು ವರ್ಷ ತಯಾರಿ ಮಾಡ್ಕೊಂಡು, ಒಂದು ದಿನ, ಒಬ್ಬ ಪರೀಕ್ಷಕನ ಮುಂದೆ ನುಡಿಸಿ ಮುಗಿಸೋದು. ಕಾನ್ಸರ್ಟ್ ಪಿಯಾನಿಸ್ಟ್ ಕತೆ ಬೇರೆ. 75ರಿಂದ 90 ನಿಮಿಷದ ಪೂರ್ತಿ ಕಾರ್ಯಕ್ರಮ, ಪುಸ್ತಕ ಇಲ್ಲದೆ. ಅಂಥವು ಎರಡು ಮೂರು ಸದಾ ಕೈಯಲ್ಲಿರಬೇಕು. ಅದರ ಜೊತೆ ಆರ್ಕೆಸ್ಟ್ರಾಗೆ ನಾಲ್ಕೈದು ಕಾನ್ಸರ್ಟೋ. ಯಾರೋ ದೊಡ್ಡವರು ಜ್ವರ ಅಂತ ಮಲಗಿದ್ರೆ ಮೂರು ದಿನ ಮೊದಲು ಏಜೆಂಟಿನ ಫೋನ್ ಬರುತ್ತೆ, "ಆ ಕಾನ್ಸರ್ಟೋ ನಿಮ್ಮ ಹತ್ರ ಇದೆಯಾ" ಅಂತ. ಇದೆ ಅನ್ನೋಕೆ ಆಗದಿದ್ರೆ ಆ ಫೋನು ಇನ್ನೊಬ್ಬರಿಗೆ ಹೋಗುತ್ತೆ, ನಿಮಗೆ ಮತ್ತೆ ಬರೋದಿಲ್ಲ.

ಗ್ರೇಡ್ 8ರಲ್ಲಿ 150ಕ್ಕೆ 130 ಬಂದ್ರೆ ಡಿಸ್ಟಿಂಕ್ಷನ್, ಸಂತೋಷ. ವಾರ್ಸಾದ ಶೋಪಾ ಅಂತಾರಾಷ್ಟ್ರೀಯ ಪಿಯಾನೋ ಸ್ಪರ್ಧೆಯಲ್ಲಿ ಅದನ್ನ ಯಾರೂ ಕೇಳೋದಿಲ್ಲ. ಅಲ್ಲಿ ಮೂರು ಸುತ್ತು ಒಬ್ಬರೇ ನುಡಿಸಿ ಉಳ್ಕೊಂಡ್ರೆ ಕೊನೇ ಸುತ್ತು ಆರ್ಕೆಸ್ಟ್ರಾ ಜೊತೆ. ಮೈಸೂರಲ್ಲಿ ಕಾನ್ಸರ್ಟೋ ಅಭ್ಯಾಸಕ್ಕೆ ಆರ್ಕೆಸ್ಟ್ರಾ ಎಲ್ಲಿಂದ ತರ್ತೀರಿ? ಎರಡನೇ ಪಿಯಾನೋದಲ್ಲಿ ಆರ್ಕೆಸ್ಟ್ರಾ ಭಾಗ ನುಡಿಸೋರು ಸಿಕ್ಕಿದ್ರೇ ಪುಣ್ಯ.

ದಾಖಲೆ ಎಲ್ಲಿ
ಎರಡು ತಿದ್ದುಪಡಿ. ಒಂದು, ಟ್ರಿನಿಟಿಯದು ಗೌರವ ಫೆಲೋಶಿಪ್, 1945. ಪರೀಕ್ಷೆ ಬರೆದು ಪಡೆದದ್ದಲ್ಲ. ಎರಡು, ಮೆಡ್ಟ್‌ನರ್‌ನ ಮೂರನೇ ಕಾನ್ಸರ್ಟೋ ಮುಗಿದದ್ದು 1943ರಲ್ಲಿ, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲು ನುಡಿಸಿದ್ದು 1944ರಲ್ಲಿ. ಮಹಾರಾಜರ ಹಣದಿಂದ ಧ್ವನಿಮುದ್ರಣಗಳು ಶುರುವಾದದ್ದು 1947ರಲ್ಲಿ. ಅಂದರೆ ಅರ್ಪಣೆ ಪೋಷಕರಿಗೆ ಸಂದದ್ದು, ಪಿಯಾನಿಸ್ಟ್‌ಗೆ ಅಲ್ಲ.

ಕಪ್ಪುಬಿಳಿ
"ಪೋಷಕರಿಗೆ" ಅಂತೆ. ಅಂದ್ರೆ ಬರೀ ದುಡ್ಡಿನ ಚೀಲ ಅಂತ ತಾನೇ ಅರ್ಥ? ಸ್ವಾಮಿ, ದುಡ್ಡಿದ್ದ ರಾಜರು ಬೇಕಾದಷ್ಟು ಜನ ಇದ್ರು. ಅವರೆಲ್ಲ ರೋಲ್ಸ್‌ರಾಯ್ಸ್ ಕೊಂಡ್ರು, ನಾಯಿ ಸಾಕಿದ್ರು. ಲಂಡನ್ನಲ್ಲೇ ಕೇಳೋರಿಲ್ಲದೆ ಮೂಲೇಲಿ ಕೂತಿದ್ದ ಮೆಡ್ಟ್‌ನರ್‌ನ ಹುಡುಕಿ, ಅವನ ಕೃತಿಗಳನ್ನ ಅವನ ಕೈಯಲ್ಲೇ ನುಡಿಸಿ ರೆಕಾರ್ಡ್ ಮಾಡಿಸಬೇಕು ಅನ್ನಿಸೋಕೆ ಪಿಯಾನೋ ಕೂತ ಕಿವಿ ಬೇಕು. 1950ರ ಮೇ 22ರಂದು ರಿಚರ್ಡ್ ಸ್ಟ್ರೌಸ್‌ನ ಕಡೇ ನಾಲ್ಕು ಹಾಡುಗಳ ಮೊದಲ ಪ್ರದರ್ಶನ ನಡೀತಲ್ಲ, ಅದಕ್ಕೆ 4,800 ಡಾಲರ್ ಖಾತರಿ ನಿಂತಿದ್ದೂ ಇವರೇ. ಜೊತೆಗೆ 94 ಕರ್ನಾಟಕ ಕೃತಿಗಳು. ಇದನ್ನ ಗೌರವ ಪದವಿ ಅಂತ ತಳ್ಳಿಹಾಕ್ತೀರಾ?

ಊರು ಬಿಡದೆ ಆಗೋಲ್ಲ ಅನ್ನೋರಿಗೆ ಇನ್ನೊಂದು: 1980ರ ಶೋಪಾ ಸ್ಪರ್ಧೆ ಗೆದ್ದ ಡಾಂಗ್ ಥಾಯ್ ಸನ್ ವಿಯೆಟ್ನಾಮಿನವನು. ಯುದ್ಧದ ಕಾಲದಲ್ಲಿ ಹನೋಯ್ ಬಿಟ್ಟು ಹಳ್ಳೀಲಿ ಬೆಳೆದು, ಅಮ್ಮನ ಹತ್ರ ಕಲಿತವನು.

ಎಡಗೈ ಪಾಠ
ಅಮ್ಮನ ಹತ್ರ ಕಲಿತ, ನಿಜ. 1977ರಲ್ಲಿ ಮಾಸ್ಕೋ ಕನ್ಸರ್ವೇಟರಿಗೆ, ಅಂದ್ರೆ ಅಲ್ಲಿನ ಸಂಗೀತ ಕಾಲೇಜಿಗೆ ಹೋದ ಅನ್ನೋದನ್ನ ಯಾಕೆ ನುಂಗಿದ್ರಿ? ಗೆದ್ದದ್ದು ಅದಾದ ಮೂರು ವರ್ಷಕ್ಕೆ. ನಿಮ್ಮ ಸಾಕ್ಷಿ ನನ್ನ ಕಡೆ ಹೇಳ್ತಾ ಇದೆ.

ಮೆಡ್ಟ್‌ನರ್ ಹೆಸರು ಎತ್ತಿದ್ದೂ ಒಳ್ಳೇದೇ ಆಯ್ತು. 1900ರಲ್ಲಿ ಮಾಸ್ಕೋ ಕನ್ಸರ್ವೇಟರಿಯಿಂದ ಚಿನ್ನದ ಪದಕ ತಗೊಂಡು ಹೊರಬಂದವನು. ಪಿಯಾನಿಸ್ಟ್ ಆಗಿಯೇ ಬದುಕಬಹುದಿತ್ತು. ಕೃತಿ ಬರೀತೀನಿ ಅಂತ ಕೂತ. 1924ರಲ್ಲಿ ಅಮೆರಿಕಾ ಪ್ರವಾಸ ಸಿಕ್ಕಿದ್ದು ಹೆಸರಾಂತ ಪಿಯಾನಿಸ್ಟ್ ರಾಖ್ಮನಿನೋಫ್ ಓಡಾಡಿ ಏರ್ಪಾಡು ಮಾಡಿದ್ದರಿಂದ. ಯುದ್ಧ ಶುರುವಾದ ಮೇಲೆ ಜರ್ಮನ್ ಪ್ರಕಾಶಕರಿಂದ ಬರ್ತಿದ್ದ ಹಣವೂ ನಿಂತುಹೋಯ್ತು. ಮೈಸೂರಿನ ನೆರವು ಬರೋ ಹೊತ್ತಿಗೆ ಅವನಿಗೆ 65 ದಾಟಿತ್ತು, 1951ರಲ್ಲಿ ತೀರಿಕೊಂಡ. ಚಿನ್ನದ ಪದಕದವನ ಪಾಡೇ ಇದು. ನಮ್ಮ ಮಕ್ಕಳಿಗೆ ವಿಡಿಯೊ ಗ್ರೇಡ್ ತೋರಿಸಿ ಆಸೆ ಹುಟ್ಟಿಸಬೇಡಿ.

ಡಿಜಿಟಲ್ ಸಾಕು ಅಂದ್ರಲ್ಲ, ಒಂದೇ ಒಂದು ವಿಷಯ ಹೇಳ್ತೀನಿ. ಗ್ರ್ಯಾಂಡ್ ಪಿಯಾನೋದ ಎಡ ಪೆಡಲ್ ಒತ್ತಿದ್ರೆ ಕೀಲಿಮಣೆ ಪೂರ್ತಿ ಒಂದಿಷ್ಟು ಬಲಕ್ಕೆ ಜರಗುತ್ತೆ. ಸುತ್ತಿಗೆ ಮೂರು ತಂತಿ ಬದಲು ಎರಡಕ್ಕೆ ತಾಗುತ್ತೆ, ಅದೂ ಗಟ್ಟಿಯಾಗಿ ಸವೆದ ಗೆರೆ ಬಿಟ್ಟು ಉಣ್ಣೆಯ ಮೆತ್ತನೆ ಜಾಗದಲ್ಲಿ. ಕಡಿಮೆ ಆಗೋದು ಶಬ್ದ ಮಾತ್ರ ಅಲ್ಲ, ಬಣ್ಣವೇ ಬೇರೆ. ಅಪ್‌ರೈಟ್‌ನಲ್ಲಿ (ಮನೆಗಳಲ್ಲಿ ಗೋಡೆಗೆ ಒರಗಿಸಿಡೋ ನಿಂತ ಪಿಯಾನೋ) ಅದೇ ಪೆಡಲ್ ಸುತ್ತಿಗೆಗಳನ್ನ ತಂತಿ ಹತ್ತಿರಕ್ಕೆ ತರುತ್ತೆ ಅಷ್ಟೆ. ಡಿಜಿಟಲ್‌ನಲ್ಲಿ ಅದು ಒಂದು ಸ್ವಿಚ್ಚು. ಬಲ ಪೆಡಲನ್ನ ಅರ್ಧ ಒತ್ತಿ ಕೆಳಗಿನ ಬಾಸ್ ಸ್ವರ ಉಳಿಸ್ಕೊಂಡು ಮೇಲಿನದನ್ನ ತೊಳೆಯೋದಂತೂ ಪ್ರತಿ ಪಿಯಾನೋದಲ್ಲೂ ಬೇರೆ ಆಳಕ್ಕೆ ಸಿಗುತ್ತೆ. ಕಛೇರಿ ಮಾಡೋರಿಗೆ ಹೊಸ ಊರಲ್ಲಿ ಹೊಸ ಪಿಯಾನೋ ಮುಂದೆ ಸಿಗೋದು ಒಂದೆರಡು ಗಂಟೆ. ಅಷ್ಟರಲ್ಲಿ ಆ ಆಳ ಕಾಲಿಗೆ ಹತ್ತಬೇಕು.

ಒಂಟಿಕೊಪ್ಪಲು ರಸಿಕ
"ಪುಸ್ತಕ ಇಲ್ಲದೆ" ನುಡಿಸುವುದನ್ನು ಸಾಧನೆಯ ಪಟ್ಟಿಗೆ ಸೇರಿಸಿದ್ದನ್ನು ಓದಿ ನಗು ಬಂತು. ನಮ್ಮಲ್ಲಿ ಮೂರೂವರೆ ಗಂಟೆಯ ಕಛೇರಿಗೆ ಯಾವ ವಿದ್ವಾಂಸರು ಪುಸ್ತಕ ತೆರೆದಿಟ್ಟುಕೊಂಡು ಕೂತಿದ್ದರು? ಅದೂ ಬರೆದಿಟ್ಟದ್ದನ್ನು ಒಪ್ಪಿಸುವುದಲ್ಲ, ಅಲ್ಲೇ ಹುಟ್ಟುವ ರಾಗ, ಅಲ್ಲೇ ಹುಟ್ಟುವ ಸ್ವರ. ವೀಣೆ ಶೇಷಣ್ಣನವರು ಪಿಯಾನೋವನ್ನೂ ನುಡಿಸುತ್ತಿದ್ದರು, ಯಾವ ಗ್ರೇಡೂ ಇಲ್ಲದೆ.

ದಾಖಲೆ ಎಲ್ಲಿ
ಪುಸ್ತಕವಿಲ್ಲದೆ ನುಡಿಸುವ ಪದ್ಧತಿ ಅಲ್ಲಿಯೂ ಹಳೆಯದಲ್ಲ. ಲಿಸ್ಟ್ ಮತ್ತು ಕ್ಲಾರಾ ಶೂಮನ್ ರೂಢಿಗೆ ತಂದದ್ದು. ಅದಕ್ಕೆ ಮುಂಚೆ ಅದು ಅಹಂಕಾರ ಅನ್ನಿಸಿಕೊಳ್ಳುತ್ತಿತ್ತು. ಸ್ವ್ಯಾತೊಸ್ಲಾವ್ ರಿಕ್ಟರ್ ಕೊನೆಯ ವರ್ಷಗಳಲ್ಲಿ ಸಭಾಂಗಣ ಕತ್ತಲು ಮಾಡಿಸಿ, ಪುಟದ ಮೇಲೆ ಒಂದು ಸಣ್ಣ ದೀಪ ಇಟ್ಟುಕೊಂಡು ನೋಡಿಯೇ ನುಡಿಸಿದರು. ಅವರು ಕಾನ್ಸರ್ಟ್ ಪಿಯಾನಿಸ್ಟ್ ಅಲ್ಲವೆ?

ತಂತಿಮೊಳೆ
ಎಲ್ಲರೂ ಮಹಾರಾಜರ ಹಿಂದೆ ಬಿದ್ದಿದ್ದೀರಿ. ಮೊದಲ ಬರಹದ ಒಂದು ವಾಕ್ಯ ಯಾರ ಕಣ್ಣಿಗೂ ಬೀಳಲಿಲ್ಲ. "ಹವೆ ಪಿಯಾನೋಗೆ ಹಿತ."

ಯಾರಿಗೆ ಹಿತ? ಪಿಂಚಣಿದಾರರಿಗೆ ಹಿತ. ಜುಲೈ ಬೆಳಗ್ಗೆ ಮೈಸೂರಲ್ಲಿ ತೇವಾಂಶ 85 ಪರ್ಸೆಂಟ್ ದಾಟುತ್ತೆ, ಮಾರ್ಚ್ ಮಧ್ಯಾಹ್ನ 30ರ ಆಸುಪಾಸು. ಪಿಯಾನೋಗೆ ಬೇಕಾದ್ದು ವರ್ಷ ಪೂರ್ತಿ 40-50. ಎಷ್ಟಿದೆ ಅನ್ನೋದಕ್ಕಿಂತ ಎಷ್ಟು ಏರಿಳಿಯುತ್ತೆ ಅನ್ನೋದು ಮುಖ್ಯ. ಸೌಂಡ್‌ಬೋರ್ಡ್ ಅಂದ್ರೆ ಸ್ಪ್ರೂಸ್ ಮರದ, ಒಂದು ಸೆಂಟಿಮೀಟರಿಗೂ ಕಡಿಮೆ ದಪ್ಪದ ಹಲಗೆ, ನಡುವೆ ಸ್ವಲ್ಪ ಉಬ್ಬು. ಮಳೆಗಾಲದಲ್ಲಿ ನೀರು ಹೀರಿ ಆ ಉಬ್ಬು ಏರುತ್ತೆ, ಮೇಲಿನ ಬ್ರಿಡ್ಜು ತಂತಿಗಳನ್ನ ಎತ್ತುತ್ತೆ, ಶ್ರುತಿ ಮೇಲೆ ಹೋಗುತ್ತೆ. ಎಲ್ಲಾ ಕಡೆ ಒಂದೇ ಸಮ ಹೋದ್ರೆ ಚಿಂತೆ ಇರಲಿಲ್ಲ. ನಡುವಿನ ಸಪ್ತಕಗಳು ಜಾಸ್ತಿ, ಎರಡು ತುದಿ ಕಡಿಮೆ. ಅದಕ್ಕೇ ಆಗಸ್ಟ್‌ನಲ್ಲಿ ಪಿಯಾನೋ ತನ್ನ ಜೊತೆ ತಾನೇ ಜಗಳಕ್ಕೆ ನಿಂತಿರುತ್ತೆ. ಬೇಸಿಗೆಯಲ್ಲಿ ಇದರ ಉಲ್ಟಾ. ಹತ್ತು ವರ್ಷ ಹೀಗೇ ಬಿಟ್ರೆ ತಂತಿ ಸುತ್ತಿರೋ ಮೊಳೆಗಳನ್ನ ಹಿಡಿದಿರೋ ಮರ ಸಡಿಲಾಗಿ, ಬೆಳಗ್ಗೆ ಮಾಡಿದ ಶ್ರುತಿ ಸಂಜೆಗೆ ಇರಲ್ಲ. ತಂತಿ 230 ಚಿಲ್ಲರೆ, ಒಟ್ಟು ಸೆಳೆತ ಸುಮಾರು 20 ಟನ್. ಆಟ ಅಲ್ಲ.

ಮಂಡ್ಯದ ಹೈದ
ಇಷ್ಟುಕ್ಕೆಲ್ಲ ಯಾಕ್ ಸಾ ಅಷ್ಟುದ್ದ ಬರುದ್ರಿ. ಒಳಿಕ್ಕೆ ಒಂದು 60 ವ್ಯಾಟಿನ ಬಲ್ಬು ಮಡುಗಿ, ಮಳಗಾಲ ಮುಗಿಯೋಗಂಟ ಉರೀಲಿ. ಬ್ರಿಟಿಷರ ಕಾಲ್ದಿಂದ ಅಂಗೇ ಮಾಡ್ಕಂಡು ಬಂದವ್ರೆ.

ತಂತಿಮೊಳೆ
ಬಂತು. ಪಿಯಾನೋ ಮಾತು ಎಲ್ಲಿ ಎತ್ತಿದ್ರೂ ಬಲ್ಬು ಬಂದೇ ಬರುತ್ತೆ. ಬಲ್ಬು ತೇವ ತೆಗೆಯೋಲ್ಲ ಸ್ವಾಮಿ, ಬಿಸಿ ಮಾಡುತ್ತೆ. ಪಿಯಾನೋ ಒಳಗೆ ಇಡೋಕೆ ಅಂತಲೇ ಮಾಡಿದ ರಾಡು ಬರುತ್ತೆ, ಅದನ್ನ ಹಾಕಿ.

ಮಂಡ್ಯದ ಹೈದ
"ಬಿಸಿ ಮಾಡುತ್ತೆ." ಊ ಸಾ, ಅದುಕ್ಕೇ ಮಡಗದು. ಲೆಕ್ಕ ಕೇಳಿ. 25 ಡಿಗ್ರೀಲಿ ಒಂದು ಘನ ಮೀಟರ್ ಗಾಳಿ ಹೆಚ್ಗೆ ಅಂದ್ರೆ 23 ಗ್ರಾಂ ನೀರು ಹಿಡೀತದೆ. ತೇವ 80 ಅಂದ್ರೆ ಅದ್ರಲ್ಲಿರದು 18 ಚಿಲ್ರೆ ಗ್ರಾಂ. ಅದೇ ಗಾಳೀನ 30 ಡಿಗ್ರಿಗೆ ತಕ್ಕಂಡೋದ್ರೆ 30 ಗ್ರಾಂ ಹಿಡಿಯೋ ತಾಕತ್ತು ಬತ್ತದೆ. 18 ಭಾಗಿಸು 30. ಎಷ್ಟಾಯ್ತು? 60. ಒಂದು ತೊಟ್ಟು ನೀರು ತೆಗೀದೆ ತೇವ 80ರಿಂದ 60ಕ್ಕೆ ಬಂತು. ನಿಮ್ಮ ಮರಕ್ಕೆ ಬೇಕಾಗಿರದು ಗ್ರಾಂ ಅಲ್ಲ, ಈ ಪರ್ಸೆಂಟು. ನಿಮ್ ರಾಡೂ ಮಾಡದು ಇದೇ ಕೆಲ್ಸ. ಅದುಕ್ಕೆ ಸಾವ್ರಾರು ರೂಪಾಯಿ, ಬಲ್ಬಿಗೆ ಇಪ್ಪತ್ತು.

ಎಡಗೈ ಪಾಠ
ಲೆಕ್ಕ ಸರಿಯಾಗಿದೆ. ಚರ್ಚೆ ಮಾತ್ರ ಬಲ್ಬಿನದಲ್ಲ.

ತಂತಿಮೊಳೆ
ಲೆಕ್ಕ ಸರಿ ಅಂತ ಸರ್ಟಿಫಿಕೇಟ್ ಬೇರೆ. ಅದೇ ಲೆಕ್ಕನ ಮಾರ್ಚ್‌ಗೆ ಹಾಕಿ. 33 ಡಿಗ್ರಿ, ತೇವ 30. ಅದನ್ನ ನಿಮ್ಮ ಬಲ್ಬು 38ಕ್ಕೆ ಏರಿಸಿದ್ರೆ ತೇವ 23. ಸೌಂಡ್‌ಬೋರ್ಡು ಬಿರುಕು ಬಿಡೋಕೆ ಇನ್ನೇನು ಬೇಕು? ರಾಡಿಗೂ ಬಲ್ಬಿಗೂ ಇರೋ ವ್ಯತ್ಯಾಸ ಅದರ ಜೊತೆ ಬರೋ ಹ್ಯುಮಿಡಿಸ್ಟ್ಯಾಟ್. ಒಳಗಿನ ತೇವ ಇಳಿದ ಕೂಡಲೇ ಅದೇ ಆರಿಸುತ್ತೆ, ಏರಿದ್ರೆ ಅದೇ ಹೊತ್ತಿಸುತ್ತೆ.

ಇನ್ನೊಂದು, ಬಲ್ಬಿನ ಶಾಖ ಒಂದೇ ಕಡೆ. ಅಪ್‌ರೈಟ್‌ನ ಕೆಳಗಿನ ಖಾನೇಲಿ ಪೆಡಲ್ ಸನ್ನೆಗಳ ಪಕ್ಕ ನೇತುಹಾಕ್ತಾರೆ. ಅದರ ನೇರಕ್ಕಿರೋ ತಂತಿ ಬಿಸಿಯಾಗಿ ಹಿಗ್ಗಿ ಶ್ರುತಿ ಇಳಿಯುತ್ತೆ, ಉಳಿದವು ಹಾಗೇ ಇರುತ್ತವೆ. ಟ್ಯೂನರ್ ಬರೋ ದಿನ ಮನೆಯವರು ಬಲ್ಬು ತೆಗೆದು ಒಳಗೆಲ್ಲ ಒರೆಸಿ ಇಟ್ಟಿರ್ತಾರೆ, ಅವನು ತಣ್ಣಗಿರೋ ತಂತಿಗೆ ಶ್ರುತಿ ಮಾಡಿ ಹೋಗ್ತಾನೆ. ಸಂಜೆ ಮತ್ತೆ ಬಲ್ಬು ಹಚ್ಚಿ, "ದುಡ್ಡು ಇಸ್ಕೊಂಡು ಹೋದ, ಶ್ರುತಿ ನಿಲ್ಲಲಿಲ್ಲ" ಅಂತಾರೆ. ಪಕ್ಕದಲ್ಲೇ ಉಣ್ಣೆ, ನಲವತ್ತು ವರ್ಷದ ದೂಳು, ಜೇಡರ ಬಲೆ. 60 ವ್ಯಾಟಿನ ಬಲ್ಬಿನ ಗಾಜು ಮುಟ್ಟಿ ನೋಡಿ, ಕೈ ಇಡೋಕೆ ಆಗಲ್ಲ. ಬೆಂಕಿ ಬಿದ್ರೆ ಪಿಯಾನೋ ಒಂದೇ ಅಲ್ಲ ಹೋಗೋದು.

ಕಪ್ಪುಬಿಳಿ
ಬೆಂಕಿ ಭಯ ಇರೋರು 9 ವ್ಯಾಟ್ ಎಲ್‌ಇಡಿ ಹಾಕಬಹುದಲ್ಲ? ಮಳೆಗಾಲದಲ್ಲಿ ಅಂಟೋ ಕೀಗಳಿಗೆ ಒಂದು ತೊಟ್ಟು ಎಣ್ಣೆ ಬಿಟ್ರೆ ಆಯ್ತು. ಇವೆಲ್ಲ ಸಣ್ಣ ವಿಷಯ. ಮಹಾರಾಜರ ಬಗ್ಗೆ ನಾನು ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ.

ತಂತಿಮೊಳೆ
ಎಣ್ಣೆ!!

ಯಾರಾದ್ರೂ ಇದನ್ನ ನಂಬಿ ಮಾಡೋಕೆ ಮುಂಚೆ ಬರೆದುಬಿಡ್ತೀನಿ. ಪಿಯಾನೋ ಒಳಗೆ ಎಣ್ಣೆ, ಸ್ಪ್ರೇ, ಹೊಲಿಗೆ ಮಿಷನ್ನಿನ ಆಯಿಲ್, ಕೊಬ್ಬರಿ ಎಣ್ಣೆ, ಯಾವುದೂ ಬೇಡ. ಕೀ ಕೂತಿರೋದು ಲೋಹದ ಎರಡು ಕಡ್ಡಿ ಮೇಲೆ, ಒಂದು ನಡುವೆ, ಒಂದು ಮುಂದೆ. ಮರದ ತೂತಿನ ಒಳಗೆ ಎರಡೂ ಕಡೆ ಉಣ್ಣೆ ಬಟ್ಟೆ ಅಂಟಿಸಿರ್ತಾರೆ. ಮಳೆಗಾಲದಲ್ಲಿ ಮರವೂ ಬಟ್ಟೆಯೂ ಊದಿ ಕಡ್ಡೀನ ಬಿಗಿ ಹಿಡಿಯುತ್ತೆ. ಎಣ್ಣೆ ಬಿಟ್ರೆ ಬಟ್ಟೆ ಇನ್ನಷ್ಟು ಊದುತ್ತೆ, ಆಮೇಲೆ ದೂಳು ಸೇರಿ ಅಂಟಾಗುತ್ತೆ. ಅಲ್ಲಿಗೆ 88 ಕೀದೂ ಬಟ್ಟೆ ಕಿತ್ತು ಹೊಸದು ಹಾಕೋ ಕೆಲಸ.

ಮೊದಲು ಎರಡು ಕೀ ನಡುವೆ ಪೆನ್ಸಿಲ್ ತುದಿಯೋ ನಾಣ್ಯವೋ ಬಿದ್ದಿದೆಯಾ ನೋಡಿ. ಅರ್ಧ ದೂರು ಅಲ್ಲೇ ಮುಗಿಯುತ್ತೆ. ಇಲ್ಲಾಂದ್ರೆ ಅಪ್‌ರೈಟ್‌ನ ಮೇಲಿನ ಮುಂಬಾಗಿಲು ತೆಗೆದು ಕೀ ಒತ್ತಿ ಬಿಡಿ. ಸುತ್ತಿಗೆ ಚುರುಕಾಗಿ ವಾಪಸ್ ಬಂದು ಕೀ ಮಾತ್ರ ಕೆಳಗೇ ನಿಂತ್ರೆ ತೊಂದರೆ ಕೀ ತೂತಿನ ಬಟ್ಟೇಲಿ. ಅದಕ್ಕೆ ಅಂತಲೇ ಇರೋ ಇಕ್ಕಳದಲ್ಲಿ ಬಟ್ಟೇನ ಒಂದೇ ಒಂದು ಸಲ ಮೆಲ್ಲಗೆ ಅದುಮಬೇಕು. ಜಾಸ್ತಿ ಅದುಮಿದ್ರೆ ಬೇಸಿಗೇಲಿ ಕೀ ಲಟಲಟ ಅನ್ನುತ್ತೆ. ಸುತ್ತಿಗೇನೇ ನಿಧಾನವಾಗಿ ತೂಕಡಿಸ್ತಾ ಬಂದ್ರೆ ಅದು ಕೀಲಿನ ಸಣ್ಣ ಪಿನ್ನಿನ ಬಿಗಿತ. ಅದು ಮನೇಲಿ ಮಾಡೋ ಕೆಲಸ ಅಲ್ಲ.

ಎಲ್‌ಇಡಿ ಬಗ್ಗೆ ಏನೂ ಹೇಳಲ್ಲ. ಪಿಯಾನೋ ಒಳಗೆ ಜಿರಲೆಗಳಿಗೆ ಓದೋಕೆ ಬೆಳಕು ಬೇಕಾದ್ರೆ ಹಾಕಿ.

ಮಂಡ್ಯದ ಹೈದ
ಎಲ್‌ಇಡಿ ಮಾತು ನಂದಲ್ಲ, ಅದ ನನ್ ತಲೆಗೆ ಕಟ್ಬ್ಯಾಡಿ. ನಾ ಯೋಳಿದ್ದು ಹಳೇ ತಂತಿ ಬಲ್ಬು.

"ಹ್ಯುಮಿಡಿಸ್ಟ್ಯಾಟ್" ಅಂತ ದೇವ್ರಂಗೆ ಕೈ ಮುಗೀತಿದೀರಲ್ಲ, ನಮ್ ಕಡೆ ರೇಷ್ಮೆ ಉಳದ ಮನೇಲಿ ಬಂದು ನೋಡಿ. ಚಾಕಿ ಉಳಕ್ಕೆ, ಅಂದ್ರೆ ಎಳೇ ಉಳಕ್ಕೆ, 27-28 ಡಿಗ್ರಿ, ತೇವ 85-90. ನಾಕ್ನೇ ಜ್ವರ ಎದ್ದ, ಅಂದ್ರೆ ನಾಕ್ನೇ ಸಲ ಪೊರೆ ಬುಟ್ಟ ಉಳಕ್ಕೆ 24 ಡಿಗ್ರಿ, ತೇವ 65-70. ಗೋಡೇಲಿ ಒಣ ಬಲ್ಬು ಒದ್ದೆ ಬಲ್ಬಿನ ಥರ್ಮಾಮೀಟ್ರು ನೇತಾಕಿರ್ತಾರೆ, ಎರಡರ ವ್ಯತ್ಯಾಸ ನೋಡಿ ಪಟ್ಟೀಲಿ ತೇವ ಓದ್ತಾರೆ. ಹೆಚ್ಚಾದ್ರೆ ಕಿಟಕಿ ತೆಗೀತಾರೆ, ಕಡ್ಮೆ ಆದ್ರೆ ಗೋಣಿತಾಟು ನೆನ್ಸಿ ಕಟ್ತಾರೆ. ಎಸ್ಸೆಲ್ಸಿ ಫೇಲಾದೋರೂ ಮಾಡ್ತಾರೆ. ಪಿಯಾನೋ ಮಡಗಿರೋರಿಗೆ ಮಾರ್ಚ್ ತಿಂಗ್ಳು ಬಲ್ಬು ಆರಿಸ್ಬೇಕು ಅನ್ನೋದು ಗೊತ್ತಾಗಕಿಲ್ವಾ?

ತಂತಿಮೊಳೆ
ಹುಳದ ಮನೇಲಿ ಇಪ್ಪತ್ನಾಲ್ಕು ಗಂಟೆ ಮನುಷ್ಯರಿರ್ತಾರೆ, ಹುಳ ಸತ್ರೆ ಬೆಳೆ ಹೋಯ್ತು ಅನ್ನೋ ಭಯ ಇರುತ್ತೆ. ಪಿಯಾನೋ ಇರೋ ಮನೇಲಿ ಅದರ ಮೇಲೆ ಫೋಟೋ, ಹೂದಾನಿ. ಮಾರ್ಚ್‌ನ ಪ್ರಶ್ನೆ ಒಂದೇ ಅಲ್ಲ, ಸೆಪ್ಟೆಂಬರಲ್ಲಿ ಬೆಳಗ್ಗೆ ಮಳೆ, ಮಧ್ಯಾಹ್ನ ಸುಡುಬಿಸಿಲು. ದಿನಕ್ಕೆರಡು ಸಲ ಯಾರು ಎದ್ದು ಸ್ವಿಚ್ ಒತ್ತುತ್ತಾರೆ? ಕೊಟ್ಟಿಗೆ ಲೆಕ್ಕಾಚಾರ ತಂದು ಕಾನ್ಸರ್ಟ್ ವಾದ್ಯಕ್ಕೆ ಹಾಕಬೇಡಿ.

ಮಂಡ್ಯದ ಹೈದ
"ಕೊಟ್ಟಿಗೆ" ಅಂದ್ರಾ? ಸರಿ ಬುಡಿ. ನಿಮ್ ಪಿಯಾನೋ ಮುಂದೆ ಕೂತ್ಕಳೋರು ಉಟ್ಕಳೋ ಸೀರೆ ಎಲ್ಲಿಂದ ಬಂದದ್ದು ಅಂತ ಒಂದ್ಸಲ ಕೇಳ್ಕಳಿ. ಉಳದ ಮನೆ ಕೊಟ್ಟಿಗೆ ಅಲ್ಲ, ನಿಮ್ ಸಭಾಂಗಣಕ್ಕಿಂತ ಶುದ್ಧವಾಗಿರ್ತದೆ. ಒಳಿಕ್ಕೋಗಕೆ ಮುಂಚೆ ಕೈಕಾಲು ತೊಳೀಬೇಕು, ಸೋಂಕು ನಿವಾರಕ ಒಡೀಬೇಕು. ನಿಮ್ಮೋರು ಚೌಚೌ ತಿಂದ ಕೈಲೇ ಕೀ ಮುಟ್ತಾರೆ.

ಒಂಟಿಕೊಪ್ಪಲು ರಸಿಕ
ಚೌಚೌ ಬಾತಿಗೂ ಬಂತೇ ಚರ್ಚೆ? ಸಂತೋಷ. ವೀಣೆಯಲ್ಲಿ 24 ಮೆಟ್ಟಿಲು, ಕೂತಿರುವುದು ಮೇಣದ ಮೇಲೆ. ಬೇಸಿಗೆಯಲ್ಲಿ ಮೇಣ ಮೆತ್ತಗಾಗಿ ಮೆಟ್ಟಿಲು ಕದಲುತ್ತದೆ, ಸ್ವರಸ್ಥಾನ ತಪ್ಪುತ್ತದೆ, ಮತ್ತೆ ಮೇಳ ಕಟ್ಟಿಸುತ್ತೇವೆ. ಅದಕ್ಕಾಗಿ ಯಾರೂ ವೀಣೆಯ ಕೊಡದೊಳಗೆ ದೀಪ ಹಚ್ಚಲಿಲ್ಲ. ಊರಿನ ಹವೆಗೆ ಹೊಂದದ ವಾದ್ಯವನ್ನು ಊರಿಗೆ ತಂದು ಹವೆಯನ್ನು ಬೈಯುವುದು ಯಾವ ನ್ಯಾಯ?

ದಾಖಲೆ ಎಲ್ಲಿ
ವೀಣೆಯ ಮೇಣ ಮೆತ್ತಗಾಗುವುದು ಶಾಖಕ್ಕೆ, ತೇವಕ್ಕಲ್ಲ. ಹೋಲಿಕೆ ನಿಲ್ಲುವುದಿಲ್ಲ. ಪಿಟೀಲೂ ಈ ಊರಿನ ಹವೆಗೆ ಹುಟ್ಟಿದ ವಾದ್ಯವಲ್ಲ. ತಿರುಮಕೂಡಲು ನರಸೀಪುರದ ಚೌಡಯ್ಯನವರು ಅದಕ್ಕೆ ಏಳು ತಂತಿ ಹಾಕಿ ನುಡಿಸಿದರು.

ಒಂಟಿಕೊಪ್ಪಲು ರಸಿಕ
ಚೌಡಯ್ಯನವರ ಪಿಟೀಲನ್ನು 480 ಕಿಲೋ ತೂಕದ ಪೆಟ್ಟಿಗೆಗೆ ಹೋಲಿಸಿದ್ದಕ್ಕೆ ಏನನ್ನಲಿ. ನಮಸ್ಕಾರ.

ಚಾವಡಿ ನಿರ್ವಾಹಕ
ಜಾತಿ, ಊರು, ಕಸುಬು ಎತ್ತಿ ಬರೆದ ಎರಡು ಪ್ರತಿಕ್ರಿಯೆ ತೆಗೆದಿದ್ದೇನೆ. ವಿಷಯಕ್ಕೆ ಬನ್ನಿ.

ಕಪ್ಪುಬಿಳಿ
ಬರ್ತೀನಿ. "ಚಿನ್ನದ ಪದಕದವನ ಪಾಡೇ ಇದು" ಅಂದ್ರಲ್ಲ ಮೇಡಂ, ಆ ಲೆಕ್ಕದಲ್ಲಿ ಮಾಸ್ಕೋಗೆ ಹೋದ್ರೂ ಅಷ್ಟೇ, ಮೈಸೂರಲ್ಲಿದ್ರೂ ಅಷ್ಟೇ ಅಂತಾಯ್ತು. ಮತ್ತೆ ಮೈಸೂರಲ್ಲಿದ್ರೆ ಏನು ತಪ್ಪು?

ಎಡಗೈ ಪಾಠ
ಮಾತು ತಿರುಚೋದ್ರಲ್ಲಿ ನಿಮಗೆ ಡಿಸ್ಟಿಂಕ್ಷನ್.

ತಪ್ಪು ಏನು ಅಂದ್ರೆ ಕೈ. ಸರಿಯಾದ ಕಣ್ಣು ಪಕ್ಕದಲ್ಲಿಲ್ಲದೆ ದಿನಕ್ಕೆ ಐದಾರು ಗಂಟೆ ಅಭ್ಯಾಸ ಮಾಡಿದವರ ಕೈ ಏನಾಗುತ್ತೆ ಅಂತ ಯಾವ ವಿಡಿಯೊ ಪಾಠವೂ ಹೇಳಲ್ಲ. ಮಣಿಕಟ್ಟು ಬಿಗಿ, ಭುಜ ಕಿವಿವರೆಗೆ, ಕಿರುಬೆರಳು ಮೇಲಕ್ಕೆ ಸೆಟೆದುಕೊಂಡಿರುತ್ತೆ. ಬಿಳಿ ಕೀ ಇಳಿಯೋದು ಸುಮಾರು 10 ಮಿಲಿಮೀಟರ್, ಅದನ್ನ ಇಳಿಸೋಕೆ ಬೇಕಾದ ತೂಕ 50 ಗ್ರಾಂ ಹತ್ತಿರ. 50 ಗ್ರಾಂ! ಸುತ್ತಿಗೆ ತಂತಿ ಮುಟ್ಟೋಕೆ ಒಂದೂವರೆ ಎರಡು ಮಿಲಿಮೀಟರ್ ಇರುವಾಗಲೇ ಕೀ ಕೈಬಿಟ್ಟಿರುತ್ತೆ, ಆಮೇಲೆ ನೀವು ಎಷ್ಟು ಅದುಮಿದ್ರೂ ಸ್ವರಕ್ಕೆ ಗೊತ್ತಾಗಲ್ಲ. ಆದ್ರೂ ಮಕ್ಕಳು ಕೀ ತಳಕ್ಕೆ ಹೋದ ಮೇಲೂ ಕಿಲೋಗಟ್ಟಲೆ ಅದುಮಿ ಹಿಡ್ಕೊಂಡಿರ್ತಾರೆ. ಅದನ್ನ ಬಿಡಿಸೋದಕ್ಕೆ ಗುರು ಪಕ್ಕದಲ್ಲಿ ನಿಂತು ಮೊಣಕೈ ಕೆಳಗೆ ಕೈ ಕೊಟ್ಟು ತೂಕ ನೋಡಬೇಕು. ನಾಲ್ಕು ಸ್ವರ ನುಡಿಸು, ಬಿಡು. ತಾಳ ಹಾಕೋ ಯಂತ್ರ ಮೆಟ್ರೊನೋಮ್ ನಿಮಿಷಕ್ಕೆ 60ರಲ್ಲಿ ಸಡಿಲವಾಗಿ ಬಂದ್ರೆ 64. ಬಿಗಿ ಬಂದ್ರೆ ವಾಪಸ್ 56. ಬೇಸರದ ಕೆಲಸ, ಬೇರೆ ದಾರಿ ಇಲ್ಲ.

ಲಿಯೋನ್ ಫ್ಲೈಷರ್‌ಗಿಂತ ದೊಡ್ಡ ಹೆಸರು ಬೇಕಾ? 1960ರ ದಶಕದಲ್ಲಿ, ಮೂವತ್ತಾರು ಮೂವತ್ತೇಳನೇ ವಯಸ್ಸಿಗೆ, ಬಲಗೈಯ ನಾಲ್ಕು ಐದನೇ ಬೆರಳು ಒಳಕ್ಕೆ ಮಡಚಿಕೊಳ್ಳೋಕೆ ಶುರುವಾಯ್ತು. ಫೋಕಲ್ ಡಿಸ್ಟೋನಿಯಾ, ಬೆರಳು ಹೇಳಿದ ಮಾತು ಕೇಳದ ನರದ ತೊಂದರೆ. ಮುಂದೆ ಸುಮಾರು ಮೂವತ್ತು ವರ್ಷ ಎಡಗೈಗೆಂದೇ ಬರೆದ ಕೃತಿಗಳು, ನಿರ್ದೇಶನ, ಪಾಠ. ಎಲ್ಲ ಸವಲತ್ತೂ ಇದ್ದವರಿಗೇ ಹೀಗೆ.

ಕಪ್ಪುಬಿಳಿ
"ಎಲ್ಲ ಸವಲತ್ತೂ ಇದ್ದವರಿಗೇ ಹೀಗೆ" ಅಂದ್ರೆ ಸವಲತ್ತು ಕೈಯನ್ನ ಕಾಪಾಡಲ್ಲ ಅಂತ ನೀವೇ ಬರೆದ್ರಿ. ಥ್ಯಾಂಕ್ಸ್.

ಕೆನಡಾದ ಪಿಯಾನಿಸ್ಟ್ ಗ್ಲೆನ್ ಗೂಲ್ಡ್ ನೆಲದಿಂದ 14 ಇಂಚು ಎತ್ತರದ ಮಡಚು ಕುರ್ಚಿ ಮೇಲೆ ಕೂತು, ಮೂಗು ಕೀಗೆ ತಾಗೋ ಹಾಗೆ ನುಡಿಸಿದ. ಯಾವ ಗುರು ಅದನ್ನ ಸರಿ ಅಂತಿದ್ದ? 1964ರಲ್ಲಿ ಕಾನ್ಸರ್ಟ್ ಬಿಟ್ಟು ಸ್ಟುಡಿಯೋದಲ್ಲೇ ಕೂತ. ವೇದಿಕೆ, ಪ್ರವಾಸ, ಏಜೆಂಟು ಏನೂ ಇಲ್ಲದೆ ಜಗತ್ತೆಲ್ಲ ಕೇಳ್ತು.

ದಾಖಲೆ ಎಲ್ಲಿ
ಆತ ಬಿಟ್ಟದ್ದು 31ನೇ ವಯಸ್ಸಿನಲ್ಲಿ, ಅಮೆರಿಕ, ಯುರೋಪು, ಸೋವಿಯತ್ ಒಕ್ಕೂಟ ಎಲ್ಲ ಸುತ್ತಿಯಾದ ಮೇಲೆ. ಬಿಡಬೇಕಾದರೆ ಮೊದಲು ಇರಬೇಕು.

ತಂತಿಮೊಳೆ
ಗೂಲ್ಡ್ ಮಾತು ಎತ್ತಿದವರಿಗೆ: ಆತ ತನಗೆ ಬೇಕಾದ ಹಾಗೆ ಹದ ಮಾಡಿಸಿಕೊಂಡ ಒಂದೇ ಪಿಯಾನೋನ ವರ್ಷಗಟ್ಟಲೆ ಬಿಡಲಿಲ್ಲ. ಹೊರೋವಿಟ್ಸ್ ತನ್ನ ಸ್ವಂತ ಪಿಯಾನೋ ಹೊತ್ತುಕೊಂಡೇ ಪ್ರವಾಸ ಹೋಗ್ತಿದ್ರು. ಪಿಯಾನಿಸ್ಟ್ ಹಿಂದೆ ಯಾವಾಗಲೂ ಒಬ್ಬ ಟೆಕ್ನಿಷಿಯನ್ ಇರ್ತಾನೆ. ಇಲ್ಲಿ ಮಾತ್ರ ಹತ್ತು ವರ್ಷ ಶ್ರುತಿ ಮಾಡಿಸದ ಅಪ್‌ರೈಟ್ ಅರ್ಧ ಸ್ವರ ಇಳಿದಿದ್ರೂ "ಒಂದ್ಸಲ ಬಂದು ಸರಿ ಮಾಡಿ ಹೋಗಿ" ಅಂತಾರೆ. ಒಂದೇ ಸಲಕ್ಕೆ ಅದು ನಿಲ್ಲಲ್ಲ. ಮೊದಲ ಸುತ್ತು ಒರಟಾಗಿ ಮೇಲಕ್ಕೆ ತರಬೇಕು, ಇಡೀ ಚೌಕಟ್ಟಿನ ಮೇಲೆ ಸೆಳೆತ ಏರಿದ ಹಾಗೆ ಮೊದಲು ಎಳೆದವು ಮತ್ತೆ ಇಳಿಯುತ್ತವೆ, ಆಮೇಲೆ ಎರಡನೇ ಸುತ್ತು, ಕೆಲವು ವಾರ ಬಿಟ್ಟು ಮತ್ತೊಂದು. ತುಕ್ಕು ಹಿಡಿದ ತಂತಿ ಆದ್ರೆ ಎಳೆಯೋಕೆ ಮುಂಚೆ ಕೂದಲೆಳೆಯಷ್ಟು ಸಡಿಲಿಸಬೇಕು. ಟಿಕ್ ಅಂತ ಸಣ್ಣ ಸದ್ದು ಬರುತ್ತೆ, ತುಕ್ಕಿನ ಹಿಡಿತ ಬಿಟ್ಟ ಸದ್ದು. ಅದು ಕೇಳೋಕೆ ಮುಂಚೆ ಎಳೆದ್ರೆ ತಂತಿ ಮುಖಕ್ಕೆ.

ಬಲ್ಬು ಉರಿಸಿದ ಪಿಯಾನೋಗಳಲ್ಲಿ ಮೊಳೆ ಹಿಡಿದಿರೋ ಮರ ಮೊದಲು ಸಡಿಲಾಗೋದು ಬೇಸಿಗೇಲೂ ಬಲ್ಬು ಆರಿಸದೇ ಇದ್ದಾಗ. ಇದನ್ನ ಮಂಡ್ಯದವರು ಒಪ್ಪಲೇಬೇಕು.

ಮಂಡ್ಯದ ಹೈದ
"ಬೇಸಿಗೇಲೂ ಆರಿಸದೇ ಇದ್ದಾಗ" ಅಂತ ನೀವೇ ಬರ್ದವ್ರೆ. ಆರ್ಸುದ್ರೆ ತೊಂದ್ರೆ ಇಲ್ಲ ಅಂತ ಆಯ್ತಲ್ಲ. ನಾ ಯೋಳಿದ್ದೂ ಅದೇಯ.

ಎಡಗೈ ಪಾಠ
60 ವ್ಯಾಟು, 24 ಗಂಟೆ, ದಿನಕ್ಕೆ ಸುಮಾರು ಒಂದೂವರೆ ಯುನಿಟ್ಟು. ತಿಂಗಳಿಗೆ 43. 25 ವ್ಯಾಟಿನ ರಾಡು ಇಡೀ ದಿನ ಉರಿದ್ರೂ 18. ನಾನೂ ಬಲ್ಬಿನ ಲೆಕ್ಕಕ್ಕೇ ಇಳಿದೆ ನೋಡಿ. ಇನ್ನು ಬರೆಯಲ್ಲ.

ತಂತಿಮೊಳೆ
ಸಭಾಂಗಣದ ವಿಷಯ ಇನ್ನೂ ಹೇಳೇ ಇಲ್ಲ. ಕಛೇರಿ ದಿನ ಎಸಿ ಹಾಕಿ ಒಂದೇ ಸಲ ಎಂಟು ಡಿಗ್ರಿ ಇಳಿಸಿ, ಸ್ಟೇಜಿನ ದೀಪ ಪಿಯಾನೋ ಮೇಲೆ ಬಿಟ್ಟು, ಸಂಜೆ ಶ್ರುತಿ ಹೋಯ್ತು ಅಂತ ಟ್ಯೂನರ್‌ನ ಬೈಯ್ಯೋದು. ಶ್ರುತಿ ಮಾಡೋಕೆ ಮುಂಚೆ ಕಛೇರಿಗೆ ಇರೋ ದೀಪ, ಕಛೇರಿಗೆ ಇರೋ ಎಸಿ ಎರಡು ಗಂಟೆ ಹಾಕಿಟ್ಟಿರಬೇಕು. ಇದನ್ನ ಆಯೋಜಕರಿಗೆ ಬರೆದು ಕೊಟ್ರೂ ಓದಲ್ಲ.

ಕಪ್ಪುಬಿಳಿ
ಯಾರೂ ಇಲ್ಲಿವರೆಗೆ ಒಂದು ಸಾಕ್ಷಿ ತಂದು ಮಹಾರಾಜರಿಗೆ ಆಗ್ತಿರಲಿಲ್ಲ ಅಂತ ತೋರಿಸಿಲ್ಲ. ಅಲ್ಲಿಗೆ ನನ್ನ ಮಾತು ನಿಂತ ಹಾಗೇ.

ದಾಖಲೆ ಎಲ್ಲಿ
ಆಗುತ್ತಿರಲಿಲ್ಲ ಎಂದು ಯಾರೂ ಹೇಳಲಿಲ್ಲ. ಆಗಲಿಲ್ಲ ಎಂದೆವು.

ಮಂಡ್ಯದ ಹೈದ
ತಂತಿಮೊಳೆ ಸಾ, ಬಲ್ಬೇ ಸರಿ ಅನ್ನೋದು ನಿಂತದೆ, ಅದು ಬ್ಯಾರೆ ಮಾತು. ಆ ರಾಡು 25 ವ್ಯಾಟಿಂದು ಅಪ್‌ರೈಟಿಗೆ ಸಾಕಾ, ಇಲ್ಲ ದೊಡ್ಡದೇ ಬೇಕಾ? ಹ್ಯುಮಿಡಿಸ್ಟ್ಯಾಟು ಜೊತೇಲೇ ಬತ್ತದಾ, ಬ್ಯಾರೆ ತಗೋಬೇಕಾ? ಗೊತ್ತಿರೋರ್ ಒಬ್ರು ಕೇಳ್ತಾವ್ರೆ.